ದಡ ಮುಟ್ಟಿದ ಮೇಲಿನ ಒಡಿಸ್ಯೂಸ್



ಹೋಮರನ ಹೆಸರಿನಲ್ಲಿ ನಮಗೆ ಉಳಿದಿರುವ ಎರಡು ಮಹಾಕಾವ್ಯಗಳಲ್ಲಿ ‘ಒಡಿಸ್ಸಿ’ಯನ್ನು ಇವತ್ತಿನ ಮಾತಿಗೆ ಆರಿಸಿಕೊಂಡಿದ್ದೇನೆ. ಶಾಲೆಯ ಪಾಠದಿಂದಲೋ ಮಕ್ಕಳ ಪುಸ್ತಕದಿಂದಲೋ ಸಿನಿಮಾದಿಂದಲೋ ನಮಗೆ ಪರಿಚಯವಾದ ಒಡಿಸ್ಯೂಸ್ ಕಡಲಿನವನು. ಒಕ್ಕಣ್ಣ ದೈತ್ಯನ ಕಣ್ಣಿಗೆ ಕಾದ ಗೂಟ ತಿವಿದವನು, ಸೈರನ್ನರ ಹಾಡು ಕೇಳುವ ಚಪಲಕ್ಕೆ ತನ್ನನ್ನು ಪಟಕಂಬಕ್ಕೆ ಬಿಗಿಸಿಕೊಂಡವನು. ಆದರೆ 24 ಕಾಂಡಗಳ, ಹನ್ನೆರಡು ಸಾವಿರ ಸಾಲು ಮೀರಿದ ಈ ಕಾವ್ಯದಲ್ಲಿ ಆ ಸಾಹಸಗಳಿಗೆ ಸಿಕ್ಕಿರುವ ಜಾಗ 9ರಿಂದ 12ರವರೆಗಿನ ನಾಲ್ಕೇ ಕಾಂಡ. ಅದನ್ನೂ ಕವಿ ತನ್ನ ಬಾಯಿಂದ ಹೇಳುವುದಿಲ್ಲ. ಪರರಾಜನ ಅರಮನೆಯಲ್ಲಿ ಉಂಡು ಕೂತ ಅತಿಥಿ, ಮನೆಗೆ ಹೋಗಲು ಅವರ ಹಡಗನ್ನೇ ನೆಚ್ಚಿಕೊಂಡವನು, ತಾನೇ ಹೇಳಿಕೊಳ್ಳುವ ಕಥೆ ಅದು. ಹೌದೆನ್ನಲು ಅಲ್ಲವೆನ್ನಲು ಒಬ್ಬ ಸಂಗಾತಿಯೂ ಬದುಕಿ ಉಳಿದಿಲ್ಲ.

13ನೆಯ ಕಾಂಡದಲ್ಲಿ ಅವನು ತನ್ನ ಊರಾದ ಇಥಾಕಾದ ದಡದಲ್ಲಿದ್ದಾನೆ. ಅಲ್ಲಿಂದಾಚೆಗಿನ ಅರ್ಧ ಕಾವ್ಯ ಒಂದು ಸಣ್ಣ ದ್ವೀಪದೊಳಗೆ, ಹಂದಿಗೂಡು, ಪಡಸಾಲೆ, ತೋಟಗಳ ನಡುವೆ ನಡೆಯುತ್ತದೆ. ಹತ್ತು ವರ್ಷದ ಕಡಲಿಗೆ ಎಷ್ಟು ಜಾಗವೋ ಕೆಲವೇ ದಿನಗಳ ಊರಿಗೆ ಅದಕ್ಕಿಂತ ಹೆಚ್ಚು ಜಾಗ. ಕವಿಗೆ ಯಾವುದು ಹೆಚ್ಚು ಕಷ್ಟವೆನಿಸಿತ್ತು ಎನ್ನುವುದಕ್ಕೆ ಬೇರೆ ಪುರಾವೆ ಬೇಡ. ಹೋದವನು ಬಂದಾಗ ಊರು ಅವನಿಂದ ಒಂದು ಲೆಕ್ಕ ಕೇಳುತ್ತದೆ. ಆ ಲೆಕ್ಕ ಈ ಕಾವ್ಯದಲ್ಲಿ ತೀರುವುದಿಲ್ಲ, ಅದನ್ನು ಮರೆಸಲಾಗುತ್ತದೆ ಎಂಬುದು ನನ್ನ ವಾದ.

ಟ್ರಾಯ್ ಬಿದ್ದ ಮೇಲೆ ಗೆದ್ದವರು ಮನೆಗೆ ಹೋದ ಬಗೆ ಗ್ರೀಕರಿಗೆ ಪ್ರತ್ಯೇಕ ಕಥಾವರ್ಗವೇ ಆಗಿತ್ತು. ‘ನಾಸ್ಟೊಯಿ’, ಅಂದರೆ ಮರಳಿಕೆಗಳು, ಎಂಬ ಐದು ಕಾಂಡಗಳ ಕಾವ್ಯವೊಂದಿತ್ತು. ಅದು ಕಳೆದುಹೋಗಿ ಸಾರಾಂಶವಷ್ಟೇ ಉಳಿದಿದೆ. ಅದರ ವೀರರ ಗತಿ ಒಡಿಸ್ಸಿಯೊಳಗೂ ಅಲ್ಲಲ್ಲಿ ಬರುತ್ತದೆ. ಮುದುಕ ನೆಸ್ಟರ್ ಸುಖವಾಗಿ ಮನೆ ಸೇರಿದ. ಮೆನೆಲೇಯಸ್ ಈಜಿಪ್ಟಿನವರೆಗೆ ಅಲೆದು ಎಂಟನೆಯ ವರ್ಷಕ್ಕೆ ಬಂದ. ಅಗಮೆಮ್ನಾನನದು ಮಾತ್ರ ಕಾವ್ಯದ ಉದ್ದಕ್ಕೂ ಎಚ್ಚರಿಕೆಯ ಗಂಟೆಯಂತೆ ಮೊಳಗುವ ಕಥೆ. ಅವನು ಬರುವುದನ್ನು ನೋಡಿ ಹೇಳಲು, ಅವನ ಹೆಂಡತಿಯನ್ನು ಒಲಿಸಿಕೊಂಡಿದ್ದ ಈಜಿಸ್ತಸ್ ಎರಡು ಟ್ಯಾಲೆಂಟ್ ಚಿನ್ನದ ಕೂಲಿಗೆ ಕಾವಲಿನವನೊಬ್ಬನನ್ನು ವರ್ಷವಿಡೀ ಕೂರಿಸಿದ್ದ. ಅಗಮೆಮ್ನಾನ್ ಇಳಿದವನೇ ತಾಯ್ನೆಲಕ್ಕೆ ಮುತ್ತಿಟ್ಟು ಕಣ್ಣೀರು ಸುರಿಸಿದ. ಔತಣಕ್ಕೆಂದು ಕರೆದುಕೊಂಡು ಹೋಗಿ ಅವನನ್ನು ಕೊಂದರು. ನೆಲಕ್ಕೆ ಮುತ್ತಿಟ್ಟವನು ಸತ್ತ. ಒಡಿಸ್ಯೂಸ್ ಪಾತಾಳದಲ್ಲಿ ಅವನ ಪ್ರೇತದ ಬಾಯಿಂದಲೇ ಈ ಕಥೆ ಕೇಳಿ, ಊರಿಗೆ ಕದ್ದು ಇಳಿ ಎಂಬ ಬುದ್ಧಿವಾದವನ್ನೂ ಕೇಳಿಸಿಕೊಂಡ.

ಅದೇ ಪಾತಾಳದಲ್ಲಿ ಇನ್ನೊಂದು ಪ್ರೇತವಿದೆ. ಕನ್ನಡಿಗರಿಗೆ ಅದರ ನಂಟು ಇನ್ನೊಂದು ದಾರಿಯಿಂದ ಉಂಟು. ಬಿ.ಎಂ. ಶ್ರೀಕಂಠಯ್ಯನವರ 1929ರ ‘ಅಶ್ವತ್ಥಾಮನ್’ ನಾಟಕಕ್ಕೆ ಮೂಲ ಸೊಫೊಕ್ಲಿಸನ ‘ಏಜಾಕ್ಸ್’. ಅಕಿಲೀಸ್ ಸತ್ತ ಮೇಲೆ ಅವನ ಆಯುಧಗಳು ತನಗೆ ಬರಬೇಕಿತ್ತು, ಒಡಿಸ್ಯೂಸನಿಗೆ ಹೋದವು ಎಂಬ ಅವಮಾನದಲ್ಲಿ ತನ್ನ ಕತ್ತಿಗೆ ತಾನೇ ಬಿದ್ದ ವೀರ ಏಜಾಕ್ಸ್. ಪಾತಾಳದಲ್ಲಿ ಒಡಿಸ್ಯೂಸ್ ಅವನನ್ನು ಕಂಡು, ಹೋಗಲಿ ಬಿಡು, ಸಿಟ್ಟು ಬಿಟ್ಟು ಹತ್ತಿರ ಬಾ ಎಂದು ಅಂಗಲಾಚುತ್ತಾನೆ. ಏಜಾಕ್ಸ್ ಒಂದು ಮಾತೂ ಆಡದೆ ಬೆನ್ನು ತಿರುಗಿಸಿ ಕತ್ತಲೊಳಗೆ ಹೋಗುತ್ತಾನೆ. ಮಾತಿನ ಮಲ್ಲನಿಗೆ ಮಾತಿನಿಂದ ತೀರಿಸಲಾಗದ ಬಾಕಿ ಎದುರಾದದ್ದು ಅಲ್ಲಿ.

ಇನ್ನು ಮರೆವಿನ ವಿಷಯ. ಒಡಿಸ್ಯೂಸನ ದಾರಿಯಲ್ಲಿ ರಾಕ್ಷಸರಿಗಿಂತ ಹೆಚ್ಚಿನ ಅಪಾಯ ಅದು. ಲೋಟಸ್ ತಿನ್ನುವವರ ನಾಡಿನಲ್ಲಿ ಅವನ ಕಡೆಯವರು ಆ ಹಣ್ಣು ತಿಂದರು, ಊರಿನ ನೆನಪೇ ಹೋಯಿತು. ಅಳುತ್ತಿದ್ದವರನ್ನು ಎಳೆದು ತಂದು ಹಡಗಿನ ಪಟ್ಟಿಗಳ ಕೆಳಗೆ ಕಟ್ಟಿಹಾಕಬೇಕಾಯಿತು. ಸರ್ಸಿ ಅವರನ್ನು ಹಂದಿಗಳನ್ನಾಗಿ ಮಾಡಿದ್ದು ಎಲ್ಲರಿಗೂ ಗೊತ್ತು. ಆದರೆ ಅವಳು ಊಟದಲ್ಲಿ ಮೊದಲು ಬೆರೆಸಿದ್ದು ತಾಯ್ನಾಡನ್ನು ಮರೆಸುವ ಮದ್ದನ್ನು, ಕೋಲು ತಾಗಿಸಿದ್ದು ಆಮೇಲೆ. ಕ್ಯಾಲಿಪ್ಸೊ ಏಳು ವರ್ಷ ಅವನನ್ನು ತನ್ನ ದ್ವೀಪದಲ್ಲಿಟ್ಟುಕೊಂಡು ಇಥಾಕಾ ಮರೆಯಲೆಂದು ನಯವಾಗಿ ಮಾತಾಡಿಸುತ್ತಾ ಇದ್ದಳು. ಅವನು ಹಗಲೆಲ್ಲ ದಡದಲ್ಲಿ ಕೂತು ಅಳುತ್ತಿದ್ದ.

ಈ ಸಾಲಿಗೆ ಸೇರಬೇಕಾದ ಇನ್ನೊಂದು ಮದ್ದು ಒಡಿಸ್ಯೂಸ್ ಇಲ್ಲದ ಕಡೆ ಇದೆ. ಅಪ್ಪನ ಸುದ್ದಿ ಹುಡುಕುತ್ತ ಅವನ ಮಗ ಟೆಲಿಮ್ಯಾಕಸ್ ಸ್ಪಾರ್ಟಾಕ್ಕೆ ಹೋಗುತ್ತಾನೆ. ಮೆನೆಲೇಯಸನ ಮನೆಯಲ್ಲಿ ಹೋದವರ ಮಾತು ಬಂದು ಎಲ್ಲರೂ ಅಳಲು ತೊಡಗುತ್ತಾರೆ. ಆಗ ಹೆಲೆನ್, ಯಾರಿಗಾಗಿ ಅಷ್ಟೆಲ್ಲ ಜನ ಸತ್ತರೋ ಆ ಹೆಲೆನ್, ಈಜಿಪ್ಟಿನಿಂದ ತಂದಿದ್ದ ಮದ್ದನ್ನು ಸದ್ದಿಲ್ಲದೆ ದ್ರಾಕ್ಷಾರಸಕ್ಕೆ ಬೆರೆಸುತ್ತಾಳೆ. ಅದನ್ನು ಕುಡಿದವನ ಕಣ್ಣೆದುರಿಗೇ ಒಡಹುಟ್ಟಿದವನನ್ನೋ ಹೆತ್ತ ಮಗನನ್ನೋ ಕತ್ತರಿಸಿ ಹಾಕಿದರೂ ಆ ದಿನ ಅವನ ಕೆನ್ನೆ ಒದ್ದೆಯಾಗುವುದಿಲ್ಲ ಎಂದು ಕವಿ ಅದರ ಗುಣ ಹೇಳುತ್ತಾನೆ. ಕುಡಿದವರು ಹಾಯಾಗಿ ಹಳೆಯ ಯುದ್ಧದ ಕಥೆ ಹೇಳಿಕೊಂಡು ಕೂರುತ್ತಾರೆ. ಒಡಹುಟ್ಟಿದವರು, ಮಕ್ಕಳು ಎಂಬ ಆ ಜೋಡಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಲೆಕ್ಕಕ್ಕೆ ಬರೋಣ. ಟ್ರಾಯ್‌ಗೆ ಒಡಿಸ್ಯೂಸ್ ಕರೆದೊಯ್ದದ್ದು 12 ಹಡಗು. ಊರಿಗೆ ಬಂದದ್ದು ಒಬ್ಬನೇ, ಅದೂ ಪರರ ಹಡಗಿನಲ್ಲಿ. ಕಾವ್ಯದ ಮೊದಲ ಸಾಲುಗಳೇ ಇದಕ್ಕೆ ಸಮಜಾಯಿಷಿ ಕೊಟ್ಟುಬಿಡುತ್ತವೆ: ಅವನು ಕಾಪಾಡಲು ಹೆಣಗಿದ, ಮೂರ್ಖರು ಸೂರ್ಯನ ದನ ತಿಂದು ತಾವಾಗಿಯೇ ಹಾಳಾದರು ಎಂದು. ಓದುಗರು ಇದನ್ನು ಹಾಗೇ ನುಂಗಿಕೊಂಡು ಮುಂದೆ ಹೋಗುತ್ತಾರೆ. ಕಥೆಯೊಳಗಿನ ಜಮಾಖರ್ಚು ಬೇರೆಯೇ ಇದೆ. ಟ್ರಾಯ್ ಬಿಟ್ಟ ಕೂಡಲೆ ಕಿಕೋನರ ಊರು ಲೂಟಿ ಮಾಡಲು ಹೋಗಿ ಹಡಗಿಗೆ ಆರರಂತೆ 72 ಜನ ಸತ್ತರು. ದೈತ್ಯನ ಗುಹೆಯಲ್ಲಿ ಆರು ಜನ. ಅಲ್ಲಿಂದ ಗಿಣ್ಣು ಎತ್ತಿಕೊಂಡು ಹೊರಡೋಣವೆಂದು ಅವರು ಬೇಡಿಕೊಂಡಾಗ ಕೇಳದೆ ಕೂತವನು ಒಡಿಸ್ಯೂಸ್. ಆಮೇಲೆ ಲೆಸ್ಟ್ರಿಗೋನಿಯನ್ನರ ಬಂದರು. ಸುತ್ತ ಕಡಿದಾದ ಬಂಡೆ, ಇಕ್ಕಟ್ಟಾದ ಬಾಯಿ, ಒಳಗೆ ಅಲೆಯೇ ಇಲ್ಲದ ನೀರು. 11 ಹಡಗುಗಳು ಒಳಗೆ ಒತ್ತೊತ್ತಾಗಿ ಲಂಗರು ಹಾಕಿದವು. ಒಡಿಸ್ಯೂಸ್ ತನ್ನದೊಂದನ್ನು ಮಾತ್ರ ಹೊರಗೆ, ಬಂದರಿನ ತುದಿಯ ಬಂಡೆಗೆ ಕಟ್ಟಿದ. ಯಾಕೆ ಎಂದು ಅವನು ಹೇಳುವುದಿಲ್ಲ. ನರಭಕ್ಷಕರು ಮೇಲಿನಿಂದ ಬಂಡೆಗಳನ್ನು ಉರುಳಿಸಿ, ನೀರಿಗೆ ಬಿದ್ದವರನ್ನು ಮೀನಿನಂತೆ ತಿವಿದು ಎತ್ತಿಕೊಂಡು ಹೋದಾಗ ಅವನು ಕತ್ತಿ ಹಿರಿದು ತನ್ನ ಹಗ್ಗ ಕಡಿದ. ಹನ್ನೆರಡರಲ್ಲಿ ಹನ್ನೊಂದು ಹಡಗು ಮುಳುಗಿದ್ದು ಹೀಗೆ. ಅವರು ಸೂರ್ಯನ ಯಾವ ದನವನ್ನೂ ತಿಂದಿರಲಿಲ್ಲ. ಪೀಠಿಕೆಯ ಆರೋಪ ನಿಜವಾಗುವುದು ಕೊನೆಗುಳಿದ ಒಂದೇ ಒಂದು ಹಡಗಿನವರಿಗೆ.

ವಿಯೆಟ್ನಾಂ ಯುದ್ಧದಿಂದ ಮರಳಿದ ಅಮೆರಿಕನ್ ಸೈನಿಕರಿಗೆ ಬಾಸ್ಟನ್ನಿನಲ್ಲಿ ಚಿಕಿತ್ಸೆ ನೀಡುತ್ತಿದ್ದ ಮನೋವೈದ್ಯ ಜೊನಾಥನ್ ಶೇ 2002ರಲ್ಲಿ ‘ಅಮೆರಿಕದಲ್ಲಿ ಒಡಿಸ್ಯೂಸ್’ ಎಂಬ ಅರ್ಥದ ಹೆಸರಿನ ಪುಸ್ತಕ ಬರೆದರು. ಅವರ ಕಣ್ಣಿಗೆ ಬಿದ್ದದ್ದೂ ಇಂಥ ಜಾಗಗಳೇ. ಅವರ ಎಲ್ಲ ಹೋಲಿಕೆಗಳೂ ನನಗೆ ಒಪ್ಪಿಗೆಯಿಲ್ಲ. ಕೆಲವು ಕಡೆ ಕಾವ್ಯ ರೋಗಿಯ ಕಡತವಾಗಿಬಿಡುತ್ತದೆ. ಆದರೆ ಸೇನಾನಾಯಕನಾಗಿ ಈ ಮನುಷ್ಯ ತನ್ನವರಿಗೆ ಏನಾದ ಎಂಬ ಪ್ರಶ್ನೆಯನ್ನು ಪಂಡಿತರಿಗಿಂತ ನೇರವಾಗಿ ಕೇಳಿದವರು ಅವರು.

ಈಗ ದಡ. ಅವನ ಕಥೆ ಕೇಳಿ ಹಡಗು ಕೊಟ್ಟ ಫಯೇಷಿಯನ್ನರು ನಿದ್ದೆಹೋಗಿದ್ದ ಒಡಿಸ್ಯೂಸನನ್ನು ಹಾಸಿಗೆ ಬಟ್ಟೆಯ ಸಮೇತ ಎತ್ತಿ ಮರಳಿನ ಮೇಲೆ ಮಲಗಿಸಿ, ಉಡುಗೊರೆಗಳನ್ನು ಆಲಿವ್ ಮರದ ಬುಡದಲ್ಲಿ ಪೇರಿಸಿಟ್ಟು ಹೋದರು. ಇಪ್ಪತ್ತು ವರ್ಷ ಕಾದ ಗಳಿಗೆಯನ್ನು ನಾಯಕ ನಿದ್ದೆಯಲ್ಲಿ ಕಳೆದುಕೊಂಡ. ಎದ್ದರೆ ದೇವತೆ ಅಥೀನಾ ಹಬ್ಬಿಸಿದ ಮಂಜು. ಊರು ಗುರುತು ಸಿಗಲಿಲ್ಲ. ತೊಡೆ ಬಡಿದುಕೊಂಡು, ಇದ್ಯಾವ ದೇಶಕ್ಕೆ ತಂದು ಎಸೆದರೋ ಎಂದು ಗೋಳಾಡಿದ. ಮುಂದೆ ಅವನು ಮಾಡಿದ ಮೊದಲ ಕೆಲಸ ಸಾಮಾನು ಎಣಿಸಿದ್ದು. ಮುಕ್ಕಾಲಿಗಳು, ಕೊಪ್ಪರಿಗೆಗಳು, ಚಿನ್ನ, ನೇಯ್ದ ಬಟ್ಟೆ. ತಂದುಬಿಟ್ಟವರು ಏನಾದರೂ ಹೊಡೆದುಕೊಂಡು ಹೋದರೇ ಎಂಬ ಅನುಮಾನ. ಒಂದೂ ಕಡಿಮೆಯಾಗಿರಲಿಲ್ಲ. ಅದಾದ ಮೇಲೆ ಊರಿಗಾಗಿ ಅತ್ತ. 12 ಹಡಗಿನ ಜನ ಕಳೆದುಕೊಂಡವನ ಕೈಯಲ್ಲಿ ಕೊಪ್ಪರಿಗೆಗಳ ಲೆಕ್ಕ ಸರಿಹೋದದ್ದನ್ನು ಹೋಮರ್ ಯಾವ ಟೀಕೆಯೂ ಇಲ್ಲದೆ ಹೇಳಿ ಮುಂದೆ ಹೋಗುತ್ತಾನೆ.

ಅಥೀನಾ ಕುರಿಗಾಹಿ ಹುಡುಗನ ವೇಷದಲ್ಲಿ ಬಂದು ಇದು ಇಥಾಕಾ ಎಂದಾಗ ಒಳಗೊಳಗೇ ಹಿಗ್ಗಿದ. ಬಾಯಿಬಿಟ್ಟು ಹೇಳಿದ್ದು ಸುಳ್ಳು: ತಾನು ಕ್ರೀಟಿನವನು, ಅಲ್ಲಿ ಒಬ್ಬನನ್ನು ಕೊಂದು ತಲೆಮರೆಸಿಕೊಂಡು ಬಂದವನು. ದೇವತೆ ನಕ್ಕು ಮೈದಡವಿದಳು. ಬೇರೆ ಯಾರಾದರೂ ಆಗಿದ್ದರೆ ಹೆಂಡತಿ ಮಕ್ಕಳನ್ನು ನೋಡಲು ಓಡುತ್ತಿದ್ದರು, ನೀನು ಪರೀಕ್ಷೆ ಮಾಡದೆ ಒಂದು ಮಾತೂ ಕೇಳುವವನಲ್ಲ ಎಂದಳು. ಅದು ಮೆಚ್ಚುಗೆಯೇ, ಆದರೆ ನಿಜವೂ ಹೌದು. ವಾಲ್ಮೀಕಿಯ ರಾಮನೂ ಅಯೋಧ್ಯೆಗೆ ನೇರವಾಗಿ ಹೋಗುವುದಿಲ್ಲ. ಭರದ್ವಾಜರ ಆಶ್ರಮದಲ್ಲಿ ನಿಂತು, ತಾನು ಬರುವ ಸುದ್ದಿ ಕೇಳಿ ಭರತನ ಮುಖ ಹೇಗಾಗುತ್ತದೆ ನೋಡಿಕೊಂಡು ಬಾ ಎಂದು ಹನುಮಂತನನ್ನು ಕಳಿಸುತ್ತಾನೆ. ಅಲ್ಲಿ ಪರೀಕ್ಷೆ ಒಂದು ಸಲಕ್ಕೆ ಮುಗಿಯುತ್ತದೆ. ಒಡಿಸ್ಯೂಸನಿಗೆ ಅದು ಚಾಳಿ.

ಭಿಕ್ಷುಕನ ವೇಷದಲ್ಲಿ ಅವನು ಮೊದಲು ಹೋದದ್ದು ತನ್ನದೇ ಹಂದಿ ಕಾಯುವ ಯುಮೇಯಸನ ಬಳಿಗೆ. ತನ್ನ ಜಮೀನಿನ ನಾಯಿಗಳೇ ಹರಿದು ಹಾಕಲು ಬಂದಾಗ ಕೋಲು ಕೈಬಿಟ್ಟು ನೆಲದ ಮೇಲೆ ಕೂತುಬಿಟ್ಟ. ಯುಮೇಯಸ್ ಓಡಿ ಬಂದು ಕಲ್ಲೆಸೆದು ಬಿಡಿಸಿದ. ಅರಮನೆ ಬಾಗಿಲಲ್ಲಿ ಗೊಬ್ಬರದ ಗುಡ್ಡೆಯ ಮೇಲೆ ಮೈಗೆ ಉಣ್ಣಿ ಹತ್ತಿ ಬಿದ್ದಿದ್ದ ಮುದಿ ನಾಯಿ ಆರ್ಗೋಸ್ ಗುರುತು ಹಿಡಿದು ಬಾಲ ಅಲ್ಲಾಡಿಸಿ ಸತ್ತ ಪ್ರಸಂಗವನ್ನು ಎಲ್ಲರೂ ಎತ್ತಿ ಹೇಳುತ್ತಾರೆ, ನಾನು ಬೆಳೆಸುವುದಿಲ್ಲ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಅವನ ಹುಟ್ಟಿನಿಂದ ಜೊತೆಗಿದ್ದ ದಾದಿ ಯೂರಿಕ್ಲಿಯಾ ಕಾಲು ತೊಳೆಯುವ ಸಂದರ್ಭ.

20 ಎತ್ತಿನ ಬೆಲೆ ಕೊಟ್ಟು ಅವನ ಅಪ್ಪ ಕೊಂಡು ತಂದ ಹೆಂಗಸು ಅವಳು, ಎದೆಹಾಲು ಕೊಟ್ಟು ಅವನನ್ನು ಸಾಕಿದವಳು. ಹೆಂಡತಿ ಪೆನೆಲೊಪೆ ಗುರುತು ಸಿಗದೆ, ಈ ಭಿಕ್ಷುಕನ ಕಾಲು ತೊಳೆ ಎಂದಾಗ ಒಡಿಸ್ಯೂಸ್ ಗಡಬಡಿಸಿ ಒಲೆಯ ಬೆಳಕಿನಿಂದ ಕತ್ತಲ ಕಡೆಗೆ ತಿರುಗಿ ಕೂರುತ್ತಾನೆ. ಕೈ ಆಡಿದ ಕೂಡಲೆ ಮೊಳಕಾಲಿನ ಮೇಲಿನ ಗಾಯದ ಕಲೆ ಅವಳಿಗೆ ಸಿಗುತ್ತದೆ. ಇಲ್ಲಿ ಹೋಮರ್ ಕಥೆ ನಿಲ್ಲಿಸಿ, ಎಪ್ಪತ್ತಕ್ಕೂ ಹೆಚ್ಚು ಸಾಲುಗಳಲ್ಲಿ ಆ ಗಾಯದ ಚರಿತ್ರೆ ಹೇಳುತ್ತಾನೆ: ಪಾರ್ನಾಸಸ್ ಬೆಟ್ಟದ ಹಂದಿಬೇಟೆ, ಹೆಸರಿಟ್ಟ ತಾತ ಆಟೋಲಿಕಸ್, ಮನೆಗೆ ಬಂದ ಹುಡುಗ ಅಪ್ಪ ಅಮ್ಮನಿಗೆ ಕಥೆ ಹೇಳಿದ್ದು, ಎಲ್ಲ. ಆಮೇಲೆ ಕಾಲು ಕೈಜಾರುತ್ತದೆ, ಕಂಚಿನ ಬೋಗುಣಿ ಢಣ್ಣೆಂದು ವಾಲುತ್ತದೆ, ನೀರು ನೆಲಕ್ಕೆ ಚೆಲ್ಲುತ್ತದೆ. ನಾಜಿ ಜರ್ಮನಿ ಬಿಟ್ಟು ಇಸ್ತಾಂಬುಲ್‌ನಲ್ಲಿದ್ದ ಎರಿಕ್ ಔಅರ್‌ಬಾಖ್ ತನ್ನ ‘ಮಿಮೆಸಿಸ್’ (1946) ಗ್ರಂಥವನ್ನು ಶುರುಮಾಡುವುದೇ ಈ ಗಾಯದಿಂದ. ಹೋಮರನಲ್ಲಿ ಎಲ್ಲವೂ ಒಂದೇ ಬೆಳಕಿನಲ್ಲಿ ಮುಂದೆಯೇ ಇರುತ್ತದೆ, ಹಿಂಬದಿಯ ಕತ್ತಲಿಲ್ಲ ಎನ್ನುವುದು ಅವರ ವಾದ. ದೊಡ್ಡ ವಿಮರ್ಶಕ, ದೊಡ್ಡ ಪ್ರಬಂಧ. ಆದರೂ ಬೋಗುಣಿ ಬಿದ್ದ ಮೇಲಿನ ಕ್ಷಣದಲ್ಲಿ ಕತ್ತಲಿಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ. ಮುದುಕಿ ಸಂತೋಷಕ್ಕೂ ಸಂಕಟಕ್ಕೂ ಸಿಕ್ಕಿ ಅವನ ಗಲ್ಲ ಮುಟ್ಟುತ್ತಾಳೆ. ಅವನು ಒಂದು ಕೈಯಲ್ಲಿ ಅವಳ ಗಂಟಲು ಹಿಡಿದು, ಇನ್ನೊಂದರಲ್ಲಿ ಹತ್ತಿರ ಎಳೆದುಕೊಂಡು, ಬಾಯಿಬಿಟ್ಟರೆ ದಾದಿಯೆಂದೂ ನೋಡದೆ ಕೊಲ್ಲುತ್ತೇನೆ ಎನ್ನುತ್ತಾನೆ. ದಾರಿಯುದ್ದಕ್ಕೂ ಮರೆಯಬಾರದೆಂದು ಹೋರಾಡಿದವನು, ತನ್ನನ್ನು ಮರೆಯದೆ ಉಳಿದವಳ ಗಂಟಲು ಹಿಡಿಯುತ್ತಾನೆ.

ಪೆನೆಲೊಪೆಗೆ ಆ ಹೊತ್ತಿಗೆ ಎಷ್ಟು ಗೊತ್ತಿತ್ತು ಎಂಬ ಚರ್ಚೆ ಇವತ್ತಿಗೂ ಮುಗಿದಿಲ್ಲ. ಆ ರಾತ್ರಿ ಅವಳು ಭಿಕ್ಷುಕನಿಗೆ ಒಂದು ಕನಸು ಹೇಳುತ್ತಾಳೆ. ಮನೆಯಲ್ಲಿ 20 ಬಾತುಗಳು ಗೋದಿ ತಿನ್ನುತ್ತಿದ್ದವು, ನೋಡಲು ತನಗೆ ಖುಷಿಯಾಗುತ್ತಿತ್ತು, ಬೆಟ್ಟದಿಂದ ಹದ್ದು ಬಂದು ಎಲ್ಲದರ ಕತ್ತು ಮುರಿಯಿತು, ತಾನು ಬಿಕ್ಕಿ ಬಿಕ್ಕಿ ಅತ್ತೆ. ಹದ್ದು ಮರಳಿ ಬಂದು, ಬಾತುಗಳು ನಿನ್ನ ಮದುವೆಯಾಗಲು ಬಂದವರು, ನಾನು ನಿನ್ನ ಗಂಡ ಎಂದಿತು. ಕನಸಿನ ಅರ್ಥ ಕನಸಿನಲ್ಲೇ ಬಂದುಬಿಟ್ಟಿದೆ. ಆದರೆ ಅವಳು ಅತ್ತದ್ದು ಬಾತುಗಳಿಗಾಗಿ, ಅದನ್ನು ಗಂಡನ ಎದುರಿಗೇ ಹೇಳಿದಳು. ಒಡಿಸ್ಯೂಸ್ ಆ ಭಾಗಕ್ಕೆ ಉತ್ತರ ಕೊಡುವುದಿಲ್ಲ.

ಬಿಲ್ಲು, 12 ಕೊಡಲಿಗಳ ಪಂದ್ಯ ನಿಮಗೆ ಗೊತ್ತಿದೆ. ಪೆನೆಲೊಪೆಯನ್ನು ಮದುವೆಯಾಗಲು ಬಂದು ಪಡಸಾಲೆಯಲ್ಲಿ ತಿಂದು ಕುಡಿಯುತ್ತಿದ್ದವರು 108 ಜನ. ಒಡಿಸ್ಯೂಸನ ಮೊದಲ ಬಾಣಕ್ಕೆ ಅವರಲ್ಲಿ ಆಂಟಿನಸ್ ಬಿದ್ದ ಮೇಲೆ ಯೂರಿಮ್ಯಾಕಸ್ ಒಂದು ರಾಜಿ ಮುಂದಿಡುತ್ತಾನೆ: ತಪ್ಪೆಲ್ಲ ಸತ್ತವನದು, ತಿಂದು ಕುಡಿದದ್ದಕ್ಕೆ ನಾವು ಒಬ್ಬೊಬ್ಬರೂ 20 ಎತ್ತಿನ ಬೆಲೆ ಕಟ್ಟಿಕೊಡುತ್ತೇವೆ, ಕಂಚು, ಚಿನ್ನ ಸೇರಿಸಿ. ಹೇಡಿಯ ಮಾತು, ನಿಜ. ಆದರೂ ಅಂದಿನ ಊರುಗಳಲ್ಲಿ ಜಗಳ ಬಗೆಹರಿಯುತ್ತಿದ್ದ ರೀತಿಯೇ ಅದು. ನಿಮ್ಮಪ್ಪಂದಿರ ಆಸ್ತಿಯೆಲ್ಲ ತಂದು ಸುರಿದರೂ ಬೇಡ ಎಂದ ಒಡಿಸ್ಯೂಸ್. ಉಳಿದವರ ನಡತೆಯೇ ತನಗೆ ಸರಿಬರುತ್ತಿರಲಿಲ್ಲವೆಂದು ಕಾಲು ಹಿಡಿದ ಪುರೋಹಿತ ಲಿಯೋಡಿಸನ ತಲೆಯನ್ನೂ ಹಾರಿಸಿದ. ಹಾಡುಗಾರ ಫೀಮಿಯಸ್ ಮಾತ್ರ, ಡಂಗುರದ ಮೆಡನ್ ಜೊತೆಗೆ, ಟೆಲಿಮ್ಯಾಕಸನ ಮಾತಿನಿಂದ ಬದುಕಿಕೊಂಡ. ಕವಿಗಳು ಸಹೋದ್ಯೋಗಿಗಳನ್ನು ಬಿಟ್ಟುಕೊಡುವುದಿಲ್ಲ.

ಆಮೇಲಿನದು ಓದಲು ಕಷ್ಟ. ಮನೆಯ 50 ದಾಸಿಯರಲ್ಲಿ 12 ಜನ ಆ ಗಂಡಸರ ಜೊತೆ ಮಲಗಿದವರೆಂದು ಯೂರಿಕ್ಲಿಯಾ ಹೆಸರು ಕೊಟ್ಟಳು. ಅವರಿಂದಲೇ ಹೆಣ ಹೊರಿಸಿದರು, ಮೇಜು ಕುರ್ಚಿಗಳ ರಕ್ತ ಒರೆಸಿಸಿದರು. ಕತ್ತಿಯಿಂದ ಕೊಲ್ಲಿ ಎಂದಿದ್ದ ಅಪ್ಪ. ಅಷ್ಟು ಶುದ್ಧವಾದ ಸಾವು ಇವರಿಗೆ ಬೇಡ ಎಂದು ಮಗ ಹಡಗಿನ ಹಗ್ಗವನ್ನು ಕಂಬದಿಂದ ಅಂಗಳದ ಗುಂಡು ಕಟ್ಟಡಕ್ಕೆ ಬಿಗಿದು ಸಾಲಾಗಿ ನೇಣು ಹಾಕಿದ. ಕಾಲುಗಳು ಸ್ವಲ್ಪ ಹೊತ್ತು ಒದ್ದಾಡಿದ್ದನ್ನು, ಬಹಳ ಹೊತ್ತಲ್ಲ ಎಂಬುದನ್ನೂ ಕವಿ ಗುರುತಿಸಿದ್ದಾನೆ. ಆ ಹುಡುಗಿಯರಿಗೆ ಬೇಡವೆನ್ನುವ ಸ್ವಾತಂತ್ರ್ಯ ಎಷ್ಟಿತ್ತು? ಭಿಕ್ಷುಕ ವೇಷದಲ್ಲಿದ್ದಾಗ ಆ ಗಂಡಸರು ದಾಸಿಯರನ್ನು ಎಳೆದಾಡುತ್ತಿದ್ದರೆಂದು ಬೈದವನು ಒಡಿಸ್ಯೂಸನೇ. ಮಾರ್ಗರೆಟ್ ಆಟ್‌ವುಡ್ 2005ರ ‘ಪೆನೆಲೊಪಿಯಾಡ್’ನಲ್ಲಿ ಈ 12 ಜನರಿಗೆ ಬಾಯಿ ಕೊಟ್ಟದ್ದು ಸುಮ್ಮನೆ ಅಲ್ಲ.

ಗಂಧಕದ ಹೊಗೆ ಹಾಕಿ ಮನೆ ಶುದ್ಧಿ ಮಾಡಿದ ಮೇಲೆ ಒಡಿಸ್ಯೂಸ್ ಉಳಿದವರನ್ನೆಲ್ಲ ಸ್ನಾನ ಮಾಡಿ ಒಳ್ಳೆಯ ಬಟ್ಟೆ ಉಟ್ಟು ಕುಣಿಯಲು ಹೇಳಿದ. ಫೀಮಿಯಸ್ ತಂತಿ ಮೀಟಿದ. ಬೀದಿಯಲ್ಲಿ ಹೋಗುವವರು ಪೆನೆಲೊಪೆಗೆ ಮದುವೆಯಾಯಿತೆಂದುಕೊಂಡರು, ಗಂಡನಿಗಾಗಿ ಕಾಯಲಾರದೆ ಹೋದಳಲ್ಲ ಎಂದು ಆಡಿಕೊಂಡರು. ಊರಿನ ಮಕ್ಕಳು ಸತ್ತ ಸುದ್ದಿ ಊರಿಗೆ ಗೊತ್ತಾಗದಿರಲೆಂದು ನಡೆದ ಮದುವೆ ವಾದ್ಯ ಅದು.

ಹಾಸಿಗೆಯ ಪರೀಕ್ಷೆಯಲ್ಲಿ ಮೊದಲ ಸಲ ಪರೀಕ್ಷಕನೇ ಸಿಕ್ಕಿಬಿದ್ದ. ಮಂಚ ಹೊರಗೆ ತಂದು ಹಾಕು ಎಂದು ಪೆನೆಲೊಪೆ ದಾದಿಗೆ ಹೇಳಿದ ಕೂಡಲೆ, ಬೇರು ಬಿಟ್ಟ ಆಲಿವ್ ಮರದ ಬೊಡ್ಡೆಗೇ ಮಂಚ ಕಟ್ಟಿದ್ದ ಅವನು ಕೆರಳಿ, ಅದನ್ನು ಕಿತ್ತವರು ಯಾರು ಎಂದು ಕೂಗಾಡಿದ. ಇಥಾಕಾಕ್ಕೆ ಬಂದಮೇಲೆ ಲೆಕ್ಕಾಚಾರವಿಲ್ಲದೆ ಅವನ ಬಾಯಿಂದ ಬಂದ ಮಾತು ಅದು. ಗಂಡ ಹೆಂಡಿರು ಹಾಸಿಗೆಗೆ ಹೋದರು. ಕಾವ್ಯದ ನಿಜವಾದ ಕೊನೆ ಇಲ್ಲೇ, 23ನೆಯ ಕಾಂಡದ 296ನೆಯ ಸಾಲಿಗೇ ಎಂದು ಅಲೆಕ್ಸಾಂಡ್ರಿಯದ ಇಬ್ಬರು ಮಹಾ ವಿದ್ವಾಂಸರು, ಅರಿಸ್ಟೋಫೇನಿಸ್ ಮತ್ತು ಅರಿಸ್ಟಾರ್ಕಸ್, ಅಭಿಪ್ರಾಯಪಟ್ಟಿದ್ದರು. (ಈ ಅರಿಸ್ಟೋಫೇನಿಸ್ ನಾಟಕಕಾರನಲ್ಲ, ಗ್ರಂಥಪಾಲಕ.) ಉಳಿದದ್ದು ಆಮೇಲೆ ಯಾರೋ ಸೇರಿಸಿದ್ದು ಎಂದು ಹಿಂದಿನ ಶತಮಾನಗಳಲ್ಲೂ ಬಹಳ ಜನ ವಾದಿಸಿದರು. ಭಾಷೆಯ ಪ್ರಶ್ನೆಯನ್ನು ಬಲ್ಲವರಿಗೆ ಬಿಡೋಣ. ಆದರೆ ಹೆಣಗಳು ಇನ್ನೂ ಅಂಗಳದಲ್ಲಿ ರಾಶಿ ಬಿದ್ದಿರುವಾಗ, ಬೀದಿಯ ಜನ ಮದುವೆ ಎಂದುಕೊಂಡಿರುವಾಗ ಕಾವ್ಯ ಮುಗಿಯಬೇಕು ಎನ್ನುವುದು ಪ್ರೇಮಕಥೆ ಓದುವವರ ಆಸೆ. 24ನೆಯ ಕಾಂಡ ಯಾರು ಬರೆದದ್ದೇ ಆಗಲಿ, ಅವರಿಗೆ ಊರು ಎಂದರೆ ಏನೆಂದು ಗೊತ್ತಿತ್ತು.

ಮರುದಿನ ಒಡಿಸ್ಯೂಸ್ ಅಪ್ಪನನ್ನು ನೋಡಲು ತೋಟಕ್ಕೆ ಹೋಗುತ್ತಾನೆ. ಲೇರ್ಟಿಸ್ ತೇಪೆ ಹಾಕಿದ ಕೊಳೆ ಅಂಗಿ ತೊಟ್ಟು, ಮುಳ್ಳು ಗೀರದಂತೆ ಕಾಲಿಗೆ ಚರ್ಮ, ಕೈಗೆ ಕವಚ, ತಲೆಗೆ ಮೇಕೆ ಚರ್ಮದ ಟೋಪಿ ಹಾಕಿಕೊಂಡು ಒಂದು ಗಿಡದ ಪಾತಿ ಕೆದಕುತ್ತಿದ್ದಾನೆ. ಮಗ ಮರದ ಮರೆಯಲ್ಲಿ ನಿಂತು ಅಳುತ್ತಾನೆ. ಹೋಗಿ ತಬ್ಬಿಕೊಳ್ಳಲೋ, ಪರೀಕ್ಷೆ ಮಾಡಲೋ ಎಂದು ಯೋಚಿಸುತ್ತಾನೆ. ಶತ್ರುಗಳೆಲ್ಲ ಸತ್ತಿದ್ದಾರೆ. ಈಗ ಮುಚ್ಚಿಡಲು ಏನೂ ಇಲ್ಲ, ಎದುರಿಗಿರುವುದು ಹಣ್ಣು ಹಣ್ಣು ಮುದುಕ. ಆದರೂ ಮತ್ತೊಂದು ಸುಳ್ಳು ಹೆಸರು, ಸುಳ್ಳು ಊರು, ನಿಮ್ಮ ಮಗನನ್ನು ಐದು ವರ್ಷದ ಹಿಂದೆ ಕಂಡಿದ್ದೆ ಎಂಬ ಸುಳ್ಳು ಸುದ್ದಿ. ಲೇರ್ಟಿಸ್ ಎರಡೂ ಕೈಯಲ್ಲಿ ಮಣ್ಣು ಬಾಚಿ ನರೆತ ತಲೆಗೆ ಸುರಿದುಕೊಂಡು ನರಳಿದಾಗಲೇ ಅವನು ತಡೆಯಲಾರದೆ ನಾನೇ ಎಂದದ್ದು. ಗುರುತಿಗೆ ಗಾಯ ತೋರಿಸಿ, ಚಿಕ್ಕಂದಿನಲ್ಲಿ ಅಪ್ಪ ಕೊಟ್ಟ ಮರಗಳನ್ನು ಎಣಿಸಿದ: 13 ಪೇರ್, 10 ಸೇಬು, 40 ಅಂಜೂರ, 50 ಸಾಲು ದ್ರಾಕ್ಷಿ. ಈ ಸುಳ್ಳು ಯಾಕೆ ಬೇಕಿತ್ತು ಎಂದು ವಿದ್ವಾಂಸರು ಕಾರಣ ಹುಡುಕುತ್ತಾರೆ. ಕಾರಣವಿಲ್ಲದಿರುವುದೇ ವಿಷಯ ಎಂದು ನನಗನಿಸುತ್ತದೆ. ಯುದ್ಧದಲ್ಲಿ, ಕಡಲಲ್ಲಿ ಜೀವ ಉಳಿಸಿದ ಅಭ್ಯಾಸ ಅಪ್ಪನ ಮುಂದೆಯೂ ಕಳಚಲಿಲ್ಲ.

ಅಷ್ಟರಲ್ಲಿ ಸುದ್ದಿ ಊರಿಗೆ ತಲುಪಿತ್ತು. ಜನ ಹೆಣಗಳನ್ನು ಹೊತ್ತು ತಂದು ಮಣ್ಣು ಮಾಡಿ, ಬೇರೆ ದ್ವೀಪದವರನ್ನು ದೋಣಿಗಳಲ್ಲಿ ಕಳಿಸಿ, ಸಭೆ ಸೇರಿದರು. ಆಂಟಿನಸನ ಅಪ್ಪ ಯುಪೀಥಿಸ್ ಅಳುತ್ತಲೇ ಎದ್ದು ನಿಂತ. ಈ ಯುಪೀಥಿಸ್ ಹಿಂದೊಮ್ಮೆ ಕಡಲುಗಳ್ಳರ ಜೊತೆ ಸೇರಿ ಊರಿನ ಸ್ನೇಹಿತರನ್ನು ದೋಚಿ, ಜನ ಕೊಲ್ಲಲು ಬಂದಾಗ ಒಡಿಸ್ಯೂಸನ ಮನೆಗೇ ಓಡಿಬಂದು ಜೀವ ಉಳಿಸಿಕೊಂಡವನು. ಅವನು ಒಳ್ಳೆಯವನೆಂದು ನಾನು ಹೇಳುತ್ತಿಲ್ಲ. ಆದರೆ ಅವನ ದೂರು ಸರಳ: ಈ ಮನುಷ್ಯ ಒಳ್ಳೊಳ್ಳೆಯವರನ್ನು ಹಡಗು ಹತ್ತಿಸಿಕೊಂಡು ಹೋಗಿ ಹಡಗನ್ನೂ ಕಳೆದ, ಜನರನ್ನೂ ಕಳೆದ, ಬಂದವನು ಉಳಿದವರನ್ನೂ ಕೊಂದ. ಮುದುಕ ಹ್ಯಾಲಿಥರ್ಸಿಸ್ ಎದ್ದು, ಮಕ್ಕಳಿಗೆ ಬುದ್ಧಿ ಹೇಳದ ತಪ್ಪು ನಿಮ್ಮದೇ ಎಂದ. ಅದು ದೂರಿನ ಎರಡನೆಯ ಅರ್ಧಕ್ಕೆ ಉತ್ತರ. ಮೊದಲ ಅರ್ಧಕ್ಕೆ ಉತ್ತರ ಕೊಡಲು ಯಾರೂ ಏಳಲಿಲ್ಲ. ಅರ್ಧಕ್ಕಿಂತ ಹೆಚ್ಚು ಜನ ಆಯುಧ ಹಿಡಿದು ಯುಪೀಥಿಸನ ಹಿಂದೆ ಹೋದರು.

ಎರಡೂ ಅರ್ಧ ಒಂದೇ ಮನೆಗೆ ತಗುಲಿದ ಉದಾಹರಣೆಯನ್ನು ಕವಿ 2ನೆಯ ಕಾಂಡದಲ್ಲೇ ಇಟ್ಟಿದ್ದಾನೆ. ಇಪ್ಪತ್ತು ವರ್ಷದ ಮೇಲೆ ಇಥಾಕಾದಲ್ಲಿ ಮೊದಲ ಸಭೆ ಸೇರಿದಾಗ ಮೊದಲು ಮಾತಾಡಿದವನು ಬೆನ್ನು ಬಾಗಿದ ಈಜಿಪ್ಟಿಯಸ್. ಅವನಿಗೆ ನಾಲ್ವರು ಗಂಡುಮಕ್ಕಳು. ಆಂಟಿಫಸ್ ಒಡಿಸ್ಯೂಸನ ಜೊತೆ ಟ್ರಾಯ್‌ಗೆ ಹೋಗಿದ್ದ. ಒಕ್ಕಣ್ಣ ದೈತ್ಯ ಗುಹೆಯಲ್ಲಿ ಕೊನೆಗೆ ತಿಂದದ್ದು ಅವನನ್ನೇ. ಅಪ್ಪನಿಗೆ ಅದು ಗೊತ್ತಿಲ್ಲ, ಅವನನ್ನು ನೆನೆದು ಕಣ್ಣೀರು ಹಾಕುತ್ತಲೇ ಮಾತು ಶುರುಮಾಡುತ್ತಾನೆ. ಇನ್ನೊಬ್ಬ ಮಗ ಯೂರಿನೊಮಸ್ ಪೆನೆಲೊಪೆಯನ್ನು ಕೇಳಲು ಬಂದವರಲ್ಲಿ ಒಬ್ಬ, 22ನೆಯ ಕಾಂಡದ ಕಾಳಗದಲ್ಲಿ ಅವನ ಹೆಸರಿದೆ. ಉಳಿದ ಇಬ್ಬರು ಹೊಲ ನೋಡಿಕೊಳ್ಳುತ್ತಿದ್ದರು. ಅಣ್ಣ ಒಡಿಸ್ಯೂಸನ ಹಿಂದೆ ಹೋಗಿ ಸತ್ತ, ತಮ್ಮ ಒಡಿಸ್ಯೂಸ್ ಬಂದದ್ದಕ್ಕೆ ಸತ್ತ. 24ನೆಯ ಕಾಂಡದ ಸಭೆಯಲ್ಲಿ ಈಜಿಪ್ಟಿಯಸನ ಹೆಸರು ಬರುವುದಿಲ್ಲ.

ಈ ಬಾಕಿಗೆ ಮೇಲಿನಿಂದ ಬಂದ ಪರಿಹಾರ ನೋಡಿ. ಅಥೀನಾ ಕೇಳಿದಾಗ ಜ್ಯೂಸ್ ಹೇಳಿದ್ದು ಇಷ್ಟು: ಆಣೆ ಪ್ರಮಾಣ ಮಾಡಲಿ, ಒಡಿಸ್ಯೂಸ್ ಎಂದೆಂದಿಗೂ ರಾಜನಾಗಿರಲಿ, ಮಕ್ಕಳೂ ಒಡಹುಟ್ಟಿದವರೂ ಸತ್ತದ್ದನ್ನು ನಾವು ಮರೆಸಿಬಿಡೋಣ. ಹೆಲೆನಳ ಮದ್ದಿನ ಗುಣವನ್ನು ನೆನೆಸಿಕೊಳ್ಳಿ. ಅಲ್ಲಿ ಬಟ್ಟಲಲ್ಲಿ ಬೆರೆಸಿದ್ದನ್ನು ಇಲ್ಲಿ ಇಡೀ ಊರಿಗೆ ಕುಡಿಸುವ ತೀರ್ಮಾನ. ಲೋಟಸ್ ಹಣ್ಣಿನಿಂದ ಕ್ಯಾಲಿಪ್ಸೊವರೆಗೆ ಯಾವುದನ್ನು ತಪ್ಪಿಸಿಕೊಳ್ಳದೆ ಮನೆ ಸೇರುವಂತಿರಲಿಲ್ಲವೋ, ಅದೇ ಇಲ್ಲದೆ ಮನೆಯಲ್ಲಿ ಇರುವಂತಿಲ್ಲ. ವ್ಯತ್ಯಾಸವಿಷ್ಟೇ, ಈ ಸಲ ಮರೆಯಬೇಕಾದವನು ಒಡಿಸ್ಯೂಸ್ ಅಲ್ಲ, ಈಜಿಪ್ಟಿಯಸನಂಥವರು.

ಅದೂ ಸಲೀಸಾಗಿ ಆಗಲಿಲ್ಲ. ಮುದುಕ ಲೇರ್ಟಿಸ್ ಎಸೆದ ಈಟಿ ಯುಪೀಥಿಸನ ಶಿರಸ್ತ್ರಾಣ ಸೀಳಿತು. ಅಪ್ಪ ಮಗ ನುಗ್ಗಿದರು. ಅಥೀನಾ ನಿಲ್ಲಿ ಎಂದು ಕೂಗಿದಾಗ ಊರಿನವರ ಕೈಯಿಂದ ಆಯುಧ ಉದುರಿದವು, ಅವರು ಜೀವ ಉಳಿದರೆ ಸಾಕೆಂದು ಓಡಿದರು. ಓಡುವವರ ಮೇಲೂ ಒಡಿಸ್ಯೂಸ್ ಹದ್ದಿನಂತೆ ಎರಗಿದ. ಜ್ಯೂಸ್ ಸಿಡಿಲು ಎಸೆದ ಮೇಲೆಯೇ ನಿಂತದ್ದು. ಕೊನೆಯ ಸಾಲಿನಲ್ಲಿ ಎರಡೂ ಕಡೆಯವರಿಂದ ಆಣೆ ಮಾಡಿಸುವ ಅಥೀನಾ ಕೂಡ ತನ್ನ ರೂಪದಲ್ಲಿಲ್ಲ, ಮೆಂಟರ್ ಎಂಬ ಮುದುಕನ ವೇಷದಲ್ಲಿದ್ದಾಳೆ. ಕಾವ್ಯ ಅಲ್ಲಿಗೆ ನಿಂತುಬಿಡುತ್ತದೆ.

ಗ್ರೀಕರಿಗೇ ಈ ಶಾಂತಿಯಲ್ಲಿ ನಂಬಿಕೆ ಬರಲಿಲ್ಲವೆಂದು ಕಾಣುತ್ತದೆ. ‘ಟೆಲಿಗನಿ’ ಎಂಬ ಕಳೆದುಹೋದ ಕಾವ್ಯದಲ್ಲಿ ಒಡಿಸ್ಯೂಸ್ ಮತ್ತೆ ಊರು ಬಿಟ್ಟು ಹೋಗಿ, ಬಂದು, ಸರ್ಸಿಯಲ್ಲಿ ತನಗೆ ಹುಟ್ಟಿದ ಮಗನ ಕೈಯಲ್ಲೇ, ಪರಸ್ಪರ ಗುರುತು ಸಿಗದೆ ಸಾಯುತ್ತಾನೆ. ಅದಕ್ಕಿಂತ ನನಗೆ ಹಿಡಿಸಿದ್ದು ಪ್ಲೂಟಾರ್ಕ್ ತನ್ನ ‘ಗ್ರೀಕ್ ಪ್ರಶ್ನೆಗಳು’ ಸಂಗ್ರಹದಲ್ಲಿ ಹೇಳುವ ಪಾಠಾಂತರ. ಅದರಲ್ಲಿ ದೇವರು ಯಾರಿಗೂ ಏನನ್ನೂ ಮರೆಸುವುದಿಲ್ಲ. ಸತ್ತವರ ಕಡೆಯವರು ತಿರುಗಿಬಿದ್ದಾಗ ಎರಡೂ ಪಕ್ಷ ಒಪ್ಪಿ ಅಕಿಲೀಸನ ಮಗ ನಿಯೊಪ್ಟಾಲೆಮಸನನ್ನು ಪಂಚಾಯ್ತಿಗೆ ಕರೆಯುತ್ತಾರೆ. ಅವನ ತೀರ್ಪು ಎರಡು ಭಾಗದ್ದು. ಕೊಲೆಗಾಗಿ ಒಡಿಸ್ಯೂಸ್ ಇಥಾಕಾ, ಕೆಫಲೇನಿಯಾ, ಜಕಿಂಥಸ್ ಮೂರನ್ನೂ ಬಿಟ್ಟು ಹೋಗಬೇಕು. ಅವನ ಮನೆಯನ್ನು ತಿಂದು ಹಾಳುಮಾಡಿದ್ದಕ್ಕೆ ಸತ್ತವರ ಬಂಧುಗಳು ವರ್ಷ ವರ್ಷ ದಂಡ ಕಟ್ಟಬೇಕು. ಒಡಿಸ್ಯೂಸ್ ಇಟಲಿಗೆ ಹೊರಟುಹೋದ, ದಂಡವನ್ನು ಮಗನ ಹೆಸರಿಗೆ ಬಿಟ್ಟ. ಇಥಾಕಾದವರು ಅದನ್ನು ಜವೆ, ದ್ರಾಕ್ಷಾರಸ, ಜೇನುತಟ್ಟಿ, ಎಣ್ಣೆ, ಉಪ್ಪು ಮತ್ತು ಬಲಿಯ ಪ್ರಾಣಿಗಳ ರೂಪದಲ್ಲಿ ಅಳೆದು ಕೊಡಬೇಕಿತ್ತು.